ಇನ್ನೊಂಚೂರು ಎಡಕ್ಕೆ

‘ಮದುವೆ ಯಾಕಾಗಬೇಕು ಆಂಟಿ?’ ಅಂತ ಈಗಿನ ಹುಡುಗಿಯರು ಕೇಳಿದರೆ ನಾನು ಪ್ರೀತಿ, ಮಕ್ಕಳು, ಮುಪ್ಪಿಗೊಂದು ಆಸರೆ ಅಂತೆಲ್ಲ ಭಾಷಣ ಬಿಗಿಯುವುದಿಲ್ಲ. ‘ಬೆನ್ನು ಕೆರೆಯೋಕೆ ಕಣಮ್ಮಾ’ ಅಂತೀನಿ. ಕಿಸಕ್ಕನೆ ನಗುತ್ತವೆ. ನಗಲಿ ಬಿಡಿ. ಐವತ್ತು ದಾಟಲಿ, ಎಡ ಹೆಗಲಮೂಳೆಯ ಒಳಅಂಚಿನಲ್ಲಿ, ಮೇಲಿಂದ ಕೈ ಇಳಿಬಿಟ್ಟರೂ ಸಿಗದ, ಕೆಳಗಿಂದ ತಿರುಚಿ ತಂದರೂ ಎಟುಕದ ಆ ಅಂಗೈ ಅಗಲದ ಜಾಗದಲ್ಲಿ ತುರಿಕೆ ಶುರುವಾಗಲಿ, ಆಮೇಲೆ ಮಾತಾಡೋಣ.

ಹಾಗಂತ ಗಂಡ ಅಂತ ಒಬ್ಬರಿದ್ದ ಮಾತ್ರಕ್ಕೆ ಕೆಲಸ ಆಯಿತು ಅಂದುಕೊಳ್ಳಬೇಡಿ. ನಮ್ಮನೆಯವರು ಒಂದು ಕೈಯಲ್ಲಿ ಪೇಪರು ಹಿಡಿದು ಇನ್ನೊಂದನ್ನು ನನ್ನ ಬೆನ್ನಿಗೆ ದಾನ ಮಾಡುತ್ತಾರೆ.

‘ಮೇಲೆ… ಅಲ್ಲಲ್ಲ, ಕೆಳಗೆ… ಇನ್ನೊಂಚೂರು ಎಡಕ್ಕೆ ರೀ.’

‘ನನ್ನ ಎಡವೋ ನಿನ್ನ ಎಡವೋ?’

‘ಬೆನ್ನ ಹಿಂದೆ ಕೂತಿದ್ದೀರಿ. ಇಬ್ಬರದೂ ಒಂದೇ ಎಡ ಕಣ್ರೀ!’

‘ಇಲ್ಲೇನೇ?’

‘ಹಾಂ, ಅಲ್ಲೇ’ ಅನ್ನುವಷ್ಟರಲ್ಲಿ ಅದು ಎರಡಂಗುಲ ಸರಿದಿರುತ್ತದೆ. ಅವರಿಗೆ ಈ ಸಂಕಟ ಹೇಗೆ ತಿಳಿಯಬೇಕು? ತಮ್ಮ ಬೆನ್ನು ತುರಿಸಿದರೆ ಜನಿವಾರ ಬಿಗಿಯಾಗಿ ಹಿಡಿದು ಮೇಲೆ ಕೆಳಗೆ ನಾಲ್ಕು ಸಲ ಜಗ್ಗಿದರೆ ಮುಗಿಯಿತು. ಉಪನಯನವನ್ನು ಗಂಡಸರು ತಮಗೆ ಮಾತ್ರ ಅಂತ ಇಟ್ಟುಕೊಂಡದ್ದರ ಒಳಗುಟ್ಟು ನನಗೆ ಈಗೀಗ ಹೊಳೆಯುತ್ತಿದೆ. ನಮಗೇನಿದೆ? ಸೌಟು, ಬಾಚಣಿಗೆ, ಮೊಮ್ಮಗನ ಸ್ಕೇಲು, ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಕೈ. ಬೇಕಾದಾಗ ಇವು ಒಂದೂ ಸಿಗುವುದಿಲ್ಲ. ಆಗ ಅಡುಗೆಮನೆ ಬಾಗಿಲ ಚೌಕಟ್ಟೇ ಗತಿ. ಕಲ್ಲುಕಂಬಕ್ಕೆ ಮೈಯುಜ್ಜುವ ಎಮ್ಮೆಯ ಮುಖದಲ್ಲಿ ಅಷ್ಟೊಂದು ವೈರಾಗ್ಯ ಯಾಕಿರುತ್ತದೆ ಅಂತ ಗೊತ್ತಾಗುವುದು ಆಗಲೇ.

ಸಲಹೆಗಳಿಗೇನೂ ಬರವಿಲ್ಲ. ಓರಗಿತ್ತಿ ‘ಬದನೆಕಾಯಿ ನಂಜು, ಬಿಟ್ಟುಬಿಡಿ ಅಕ್ಕಾ’ ಅಂದಳು. ಪಕ್ಕದ ಮನೆಯವರು ಬೇವಿನೆಲೆ ಕುದಿಸಿದ ನೀರು ಅಂದರು. ದೊಡ್ಡತ್ತೆ ಮಾತ್ರ ತಡಮಾಡದೆ ನಾಗದೋಷ ಅಂತ ತೀರ್ಪು ಕೊಟ್ಟು ಕುಕ್ಕೆಗೆ ಕಳಿಸಿದರು. ದರ್ಶನ ಚೆನ್ನಾಗಾಯಿತು, ಊಟವೂ. ಕ್ಯೂನಲ್ಲಿ ಹಿಂದೆ ನಿಂತಿದ್ದವರ ಗೋಣಿಯಂಥ ಚೀಲ ಬೆನ್ನಿಗೆ ಉಜ್ಜುತ್ತಿತ್ತಲ್ಲ, ಆ ಸುಖವೇ ಬೇರೆ! ಮೆಡಿಕಲ್ ಶಾಪಿನ ಹುಡುಗ ಅಲರ್ಜಿ ಮಾತ್ರೆ ಕೊಟ್ಟ. ನಿದ್ದೆ ಬಂತು, ನಿದ್ದೆಯಲ್ಲೇ ಕೆರೆದುಕೊಂಡೆ.

ಕೊನೆಗೆ ಚರ್ಮದ ಡಾಕ್ಟರು. ಗಂಧೆಯಿಲ್ಲ, ಗುಳ್ಳೆಯಿಲ್ಲ, ಬರೀ ಒಂದು ಕಂದುಗಪ್ಪು ಮಚ್ಚೆ. ಅದೂ ಕೆರೆದೂ ಕೆರೆದೂ ನಾನೇ ಸಂಪಾದಿಸಿದ ಆಸ್ತಿ. ಅದು ಮುಚ್ಚಲಿ ಅಂತ ಬ್ಲೌಸಿನ ಬೆನ್ನನ್ನು ಏರಿಸುತ್ತ ಏರಿಸುತ್ತ ಟೈಲರು ಕತ್ತಿನವರೆಗೆ ಬಂದಿದ್ದ. ‘ನಿಮ್ಮ ಚರ್ಮದ್ದೇನೂ ತಪ್ಪಿಲ್ಲಮ್ಮ, ಕಿತಾಪತಿಯೆಲ್ಲ ನರದ್ದು’ ಅಂದರು ಡಾಕ್ಟರು. ಹೆಸರು ನೋಟಾಲ್ಜಿಯಾ ಪ್ಯಾರೆಸ್ಥೆಟಿಕಾ. ಇಟ್ಟವರು ರಷ್ಯಾದ ನರವೈದ್ಯ ಅಸ್ತ್ವತ್ಸತುರೋವ್, 1934ರಲ್ಲಿ. ದೊಡ್ಡತ್ತೆಯ ಎದುರು ಹೇಳಿಕೊಳ್ಳೋಕೆ ಏನು ಗತ್ತಿನ ಹೆಸರು! ನಾಗದೋಷ ಅದರ ಮುಂದೆ ಸಪ್ಪೆ.

ಎದೆಯ ಹಿಂಭಾಗದ ಬೆನ್ನುಮೂಳೆಯಲ್ಲಿ ಎರಡರಿಂದ ಆರರವರೆಗಿನ ನರಗಳ ಕವಲುಗಳು ಬೆನ್ನಿನ ದಪ್ಪ ಸ್ನಾಯುವನ್ನು ತೂರಿ, ಹೆಚ್ಚುಕಡಿಮೆ ಲಂಬಕೋನದಲ್ಲಿ ತಿರುಗಿ ಚರ್ಮಕ್ಕೆ ಬರುತ್ತವಂತೆ. ಆ ತಿರುವಿನಲ್ಲೋ, ಮೂಳೆ ಸವೆದ ಕಡೆಯೋ ನರ ಅದುಮಿಕೊಂಡರೆ ಮಿದುಳಿಗೆ ಸುಳ್ಳು ದೂರು ಹೋಗುತ್ತದೆ: ‘ಹೆಗಲ ಹತ್ತಿರ ತುರಿಸ್ತಿದೆ!’ ಗಲಾಟೆ ಒಂದು ಕಡೆ, ಲಾಠಿ ಏಟು ಇನ್ನೊಂದು ಕಡೆ. ಅಲರ್ಜಿಯ ಹಿಸ್ಟಮಿನ್‌ಗೂ ಈ ತುರಿಕೆಗೂ ಸಂಬಂಧ ಅಷ್ಟಕ್ಕಷ್ಟೇ, ಹಾಗಾಗಿ ಆ ಹುಡುಗನ ಮಾತ್ರೆ ಪಾಪ ಏನು ಮಾಡೀತು? ಇದು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಅಂತಲೂ ಡಾಕ್ಟರು ಹೇಳಿದರು. ಹೇಳಬೇಕೇ!

ವಾಸಿ ಆಗುತ್ತದಾ ಅಂದರೆ ಡಾಕ್ಟರು ಕಿಟಕಿ ನೋಡಿದರು. ಕಿಡ್ನಿ ರೋಗಿಗಳ ತುರಿಕೆಗೆ ಕೊಡುವ ಡಿಫೆಲಿಕೆಫಾಲಿನ್ ಅನ್ನುವ ಔಷಧಿಯನ್ನು ಮಾತ್ರೆ ಮಾಡಿ ಇದಕ್ಕೂ ಪರೀಕ್ಷಿಸಿದ್ದಾರಂತೆ. 2023ರಲ್ಲಿ ಫಲಿತಾಂಶ ಬಂತು. ತುರಿಕೆ ಒಂದಿಷ್ಟು ಇಳಿಯಿತೇ ಹೊರತು ಪವಾಡವೇನಲ್ಲ. ತೀರಾ ತಡೆಯದಿದ್ದರೆ ಗ್ಯಾಬಪೆಂಟಿನ್ ನೋಡೋಣ ಅಂದರು. ಅಲ್ಲಿಯವರೆಗೆ ಹೆಗಲು ತಿರುಗಿಸುವ ವ್ಯಾಯಾಮ, ಕೆರೆಯುವ ಬದಲು ಮೆಲ್ಲಗೆ ತಟ್ಟುವುದು, ಒದ್ದೆ ಬಟ್ಟೆಯ ತಂಪು. ತಂಪು ನಿಜಕ್ಕೂ ದೇವರು. ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಕ್ಕ ನನ್ನದೊಂದು ಕರ್ಚೀಫು ಈಗ ಕಾಯಂ ನಿವಾಸಿ.

ಇನ್ನೊಂದು ಕ್ರೀಮು, ಕ್ಯಾಪ್ಸೈಸಿನ್. ಅಂದರೆ ಮೆಣಸಿನಕಾಯಿಯ ಖಾರ! ಬಣ್ಣ ಕೊಟ್ಟು ಸುಮ್ಮನಿರುವ ಬ್ಯಾಡಗಿಯ ಸಜ್ಜನಿಕೆ ಇದಕ್ಕಿಲ್ಲ. ಮೊದಮೊದಲು ಧಗಧಗ ಉರಿ, ದಿನಾ ಬಿಡದೆ ಹಚ್ಚಿದರೆ ದೂರು ಒಯ್ಯುವ ನರದ ದಾಸ್ತಾನು ಖಾಲಿಯಾಗಿ ತುರಿಕೆ ತಗ್ಗುತ್ತದೆ. ಗಾಯದ ಮೇಲೆ ಹಚ್ಚಬಾರದು, ಹಚ್ಚಿದ ಮೇಲೆ ಕೈ ತೊಳೆಯಬೇಕು. ಇದನ್ನು ನಮ್ಮನೆಯವರಿಗೆ ಓದಿ ಹೇಳಿದೆ. ಅವರು ಪೇಪರಿನೊಳಗಿಂದ ಹೂಂಗುಟ್ಟಿದರು. ಹಚ್ಚಿದರು. ಅಷ್ಟರಲ್ಲಿ ಅವರ ಬೆನ್ನೂ ತುರಿಸಿತೇನೋ, ಅದೇ ಕೈಯಲ್ಲಿ ಜನಿವಾರ ಹಿಡಿದು ನಾಲ್ಕು ಸಲ ಜಗ್ಗಿದರು.

ಈಗ ಕೈಗೆ ಹಾಲಿನ ಕವರು ಕಟ್ಟಿಕೊಂಡು ಹಚ್ಚುತ್ತಾರೆ. ಪೇಪರು ಪಕ್ಕಕ್ಕಿಟ್ಟು, ಎರಡೂ ಕಣ್ಣು ನನ್ನ ಬೆನ್ನಿನ ಮೇಲೇ ಇಟ್ಟು.