ಹುಣಸೂರಿಗೆ ಸಮುದ್ರ ತರಲು ಹೊರಟವರಿಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಟಿ.ವಿ. ಪಕ್ಕ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಅದರಲ್ಲಿ ಹವಳ ಬೆಳೆಸಬೇಕೆಂದು ಮನಸ್ಸು ಮಾಡಿರುವ ಎಲ್ಲ ಯಜಮಾನರಿಗೆ ನಮಸ್ಕಾರಗಳು.

ನಿಮ್ಮ ಧೈರ್ಯವನ್ನು ಮೊದಲು ಮೆಚ್ಚಬೇಕು. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ, ನುಗು, ತಾರಕ ಎಂದು ಇಷ್ಟೆಲ್ಲ ಸಿಹಿನೀರಿರುವ ಸೀಮೆಯಲ್ಲಿ ಹುಟ್ಟಿ ಉಪ್ಪುನೀರೇ ಬೇಕೆಂದು ಹಟ ಹಿಡಿಯುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ನಮ್ಮ ನೀರೆಲ್ಲ ಪೂರ್ವಕ್ಕೆ ಹರಿದು ಪೂಂಪುಹಾರ್‌ನಲ್ಲಿ ಬಂಗಾಳಕೊಲ್ಲಿ ಸೇರುತ್ತದೆ. ಅದರ ಹಂಚಿಕೆಗಾಗಿ 1990ರಲ್ಲಿ ಟ್ರಿಬ್ಯುನಲ್ ಆಯಿತು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೂ ಬಂತು. ಹೋದ ನೀರನ್ನು ಸಮುದ್ರದ ಸಮೇತ ವಾಪಸ್ ತರುವ ಉಪಾಯ ಮಾತ್ರ ಇದುವರೆಗೆ ಯಾವ ಮುಖ್ಯಮಂತ್ರಿಗೂ ಹೊಳೆದಿರಲಿಲ್ಲ.

ಸಮುದ್ರಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 300 ಲೀಟರಿನ ತೊಟ್ಟಿಗೆ ಹತ್ತು ಕಿಲೋ ದಾಟುತ್ತದೆ. ಅಡುಗೆಮನೆಯ ಪುಡಿ ಉಪ್ಪು ಸುರಿದರೆ ಉಪ್ಪಿನಕಾಯಿಯ ನೀರಾದೀತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಬೆರೆಸಿದ ಉಪ್ಪನ್ನೇ ತರಿಸಬೇಕು. ನೀರೋ, ಬೋರ್‌ನದು ಆಗದು, ಅದರ ಲವಣಗಳು ಪಾಚಿಗೆ ಹಬ್ಬದೂಟ. ಆರ್.ಓ. ನೀರೇ ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಹದಿನೈದು ಕ್ಯಾನು ಜೋಡಿಸಿಕೊಂಡು ನಿಂತಾಗ ಹಿಂದಿನವರು “ಮನೇಲಿ ಮದ್ವೇನಣ್ಣ?” ಅಂತಾರೆ. “ಇಲ್ಲ ಕಣಪ್ಪ, ಉಪ್ಪು ಕಲಸೋಕೆ” ಎನ್ನಲು ಗಟ್ಟಿ ಗುಂಡಿಗೆ ಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಮೇಲೆ ತುಂಬಬೇಕಾದ್ದು ಮತ್ತೆ ಸಿಹಿನೀರೇ. ಎಲ್ಲಿಂದ ತಪ್ಪಿಸಿಕೊಂಡು ಹೊರಟಿದ್ದಿರೋ ಅದೇ.

ಮೊದಲ ತಿಂಗಳು ತೊಟ್ಟಿಯಲ್ಲಿ ಮೀನಿರುವುದಿಲ್ಲ. ಅಮೋನಿಯವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಬಂದ ಬೀಗರಿಗೆಲ್ಲ ನೀಲಿ ಲೈಟಿನ ಕೆಳಗೆ ಬರೀ ಕಲ್ಲು ತೋರಿಸಿ ಕಾಫಿ ಕೊಟ್ಟು ಕಳಿಸಿ.

ಆಮೇಲೆ ಶುರುವಾಗುವ ಕಾವಲನ್ನು ನಿಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ನಿಮ್ಮ ತಂದೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಚಾಪೆ ಹಾಸಿ, ಎಲೆ ಹಳದಿಗೆ ತಿರುಗುವವರೆಗೆ ಇಷ್ಟು ಶಾಖ, ಕಡ್ಡಿ ಒಣಗುವಾಗ 160 ಡಿಗ್ರಿ ಫ್ಯಾರನ್‌ಹೀಟ್ ಎಂದು ರಾತ್ರಿಯೆಲ್ಲ ಥರ್ಮಾಮೀಟರ್ ನೋಡಿದವರು. ಇಲ್ಲೂ ಅದೇ: ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಬೇಕು, ಕ್ಯಾಲ್ಸಿಯಂ 420 ಪಿಪಿಎಂ ಹತ್ತಿರ ಇರಬೇಕು, ಕರೆಂಟು ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನು ಉಸಿರಿಗೆ ಬಾಯಿಬಿಡುತ್ತದೆ. ಬ್ಯಾರನ್ ಆದರೂ ವಾರದೊಳಗೆ ಬಾಗಿಲು ತೆರೆಯುತ್ತದೆ, ಸೊಪ್ಪು ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಹೋಗಿ ದುಡ್ಡಾಗಿ ಬರುತ್ತದೆ. ಸಮುದ್ರಕ್ಕೆ ಹರಾಜಿನ ದಿನ ಅಂತೊಂದಿಲ್ಲ.

ಮನೆಯವರೆಲ್ಲ ಕೂಡಿ ಮಾಡುವ ಹವ್ಯಾಸ ಎನ್ನುತ್ತೀರಿ. ನಿಜವೇ. ಮಗಳು ಮೇವು ಹಾಕುತ್ತಾಳೆ, ಮಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾನೆ, ನೀವು ಬಿಲ್ಲು ಬಚ್ಚಿಡುತ್ತೀರಿ, ಉಳಿದದ್ದನ್ನೆಲ್ಲ ಮನೆಯಾಕೆ ಮಾಡುತ್ತಾರೆ. ಮಕ್ಕಳು ಸಿನಿಮಾದಲ್ಲಿ ನೋಡಿದ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನು ಬಂದ ಮೇಲೆ ನಿಮ್ಮ ಪದವಿಗೂ ಸ್ವಲ್ಪ ಕುತ್ತು: ಅವು ಹುಟ್ಟುವಾಗ ಎಲ್ಲವೂ ಗಂಡು, ಗುಂಪಿನಲ್ಲಿ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗಿ ಆಳುತ್ತದೆ. ಅಲ್ಲಿ ಯಜಮಾನ ಅನ್ನೋನೇ ಇಲ್ಲ ಸ್ವಾಮಿ.

ಇನ್ನು ಹವಳದ ಮಾತು. ಪತ್ರ ಬರೆಯಲು ಕೂತದ್ದೇ ಇದಕ್ಕೆ.

ಅಂಗಡಿಯವನು ಬೆರಳುದ್ದದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತಾನಲ್ಲ, ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು, ಮೈಯೊಳಗೆ ಪಾಚಿಯನ್ನು ಸಾಕಿ, ಅದು ಬಿಸಿಲಲ್ಲಿ ಬೇಯಿಸಿದ ಅನ್ನ ಉಣ್ಣುವ ಪ್ರಾಣಿ. 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಕಲ್ಲುಹವಳಗಳನ್ನೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲ ಕುದುರೆಯೂ ಅಲ್ಲಿಗೇ ಬಂದವು. ಹುಲಿ, ಆನೆಗಳು ಇರುವುದೂ ಅದೇ ಪಟ್ಟಿಯಲ್ಲಿ. ಅಂದರೆ ಕಾಯ್ದೆಯ ಕಣ್ಣಿಗೆ ನೀವು ಟಿ.ವಿ. ಪಕ್ಕ ಕಟ್ಟಿಹಾಕಿರುವುದು ನಾಗರಹೊಳೆಯ ಹುಲಿಯ ಸರೀಕನನ್ನು. ಮೂರರಿಂದ ಏಳು ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. (ಅಜ್ಜಿಯ ಹವಳದ ಸರಕ್ಕೆ ಹೆದರಬೇಡಿ, ಆ ಕೆಂಪು ಹವಳದ ಜಾತಿ ಬೇರೆ.)

ಹುಣಸೂರು, ಕೋಟೆ ಕಡೆಯವರಿಗೆ ಈ ಕಾಯ್ದೆ ಯಾರೂ ಓದಿಹೇಳದೆಯೂ ಗೊತ್ತು. ಕಾಡಂಚಿನ ಹಾಡಿಯ ಮಕ್ಕಳು ಜಿಂಕೆ ಕೊಂಬು ಬಿದ್ದಿದ್ದರೂ ಮುಟ್ಟದೆ ಬಳಸಿಕೊಂಡು ಹೋಗುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್‌ಗಾಗಿ ಅರಣ್ಯ ಇಲಾಖೆ ಬಿಗ್ ಬಾಸ್ ಮನೆಯಿಂದಲೇ ಒಬ್ಬ ಸ್ಪರ್ಧಿಯನ್ನು ಕರೆದೊಯ್ದಾಗ, ರಾಜ್ಯದ ಎಷ್ಟೋ ಕೊರಳುಗಳು ರಾತ್ರೋರಾತ್ರಿ ಬರಿದಾದವು. ಆವತ್ತು ಷೋಕೇಸಿನ ಹವಳವನ್ನು ಒಳಗಿಟ್ಟವರು ಯಾರೂ ಕಾಣಲಿಲ್ಲ. ಗರ್ಜಿಸದ ಪ್ರಾಣಿಗೆ ನಮ್ಮಲ್ಲಿ ಅಷ್ಟೇ ಮರ್ಯಾದೆ.

“ಇಂಪೋರ್ಟೆಡ್ ಸಾರ್, ಏನೂ ಆಗಲ್ಲ” ಎನ್ನುತ್ತಾರೆ. ಕಲ್ಲುಹವಳಗಳೆಲ್ಲ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಆ ಪಟ್ಟಿಯ ವಿದೇಶಿ ಜೀವಿಗಳನ್ನು ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರಲ್ಲಿ ನಿಯಮ ಬಂದಿದೆ. ಏನೂ ಆಗಲ್ಲ ಎಂಬುದನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಿ ಎಂದು ಕೇಳಿನೋಡಿ.

ಆಸೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ಕೊಚ್ಚಿಯ ಸಿಎಂಎಫ್‌ಆರ್‌ಐ ಸಂಸ್ಥೆ ಸಾಧಿಸಿದೆ. ಹಾಗೆ ಸಾಕಿದ ಜೋಡಿ ಸಿಕ್ಕರೆ, ಸೆರಾಮಿಕ್ ಕಲ್ಲಿಟ್ಟು ಸುಖವಾಗಿ ಸಾಕಿ. ಹವಳವನ್ನೇ ನೋಡಬೇಕೆಂದರೆ ಮಡಿಕೇರಿ ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿದರೆ ನೇತ್ರಾಣಿ ದ್ವೀಪ. ಕರ್ನಾಟಕದ್ದೇ ಹವಳ, ನೌಕಾಪಡೆಯ ಗುರಿ ಅಭ್ಯಾಸದ ಗುಂಡುಗಳನ್ನೂ ತಿಂದು ಬದುಕಿದೆ. ಮನೆಮಂದಿ ಅಷ್ಟೂ ಹೋಗಿಬಂದರೂ ತೊಟ್ಟಿಯ ನೀರು ತಣ್ಣಗಿಡುವ ಒಂದು ಒಳ್ಳೆಯ ಚಿಲ್ಲರ್‌ನ ಖರ್ಚು ಆಗಲಾರದು.

ಕಿತ್ತಳೆ ಬಣ್ಣವೇ ಬೇಕೆಂದು ಮಕ್ಕಳು ಹಟ ಮಾಡಿದರೆ, ಕಾವೇರಿ ಹೊಳೆಗಳದೇ ಒಂದು ಮೀನಿದೆ: ಕಿತ್ತಳೆ ರೆಕ್ಕೆಯ, ಬೆನ್ನು ಗೂನಾದ ಮಹಶೀರ್. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, 2018ರಿಂದ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದನ್ನು ತೊಟ್ಟಿಯಲ್ಲಿಡುವ ಯೋಚನೆ ಮಾತ್ರ ಬೇಡ, 50 ಕಿಲೋ ದಾಟಿ ಬೆಳೆಯುತ್ತದೆ. ಅದರ ಹೆಸರು ಮಕ್ಕಳಿಗೆ ಗೊತ್ತಿದ್ದರೆ ಸಾಕು.

ಇಂತಿ,
ಸಿಹಿನೀರಿನಲ್ಲೇ ತೃಪ್ತನಾದ ನಿಮ್ಮ ನೆರೆಯವನು

ಮ.ವಿ: ತೊಟ್ಟಿಯಿಂದ ತೆಗೆದ ಹಳೇ ಉಪ್ಪುನೀರನ್ನು ಹೊಗೆಸೊಪ್ಪಿನ ಹೊಲಕ್ಕೆ ಬಿಡಬೇಡಿ. ಕ್ಲೋರೈಡ್ ಏರಿದರೆ ಎಲೆ ಸರಿಯಾಗಿ ಉರಿಯದು, ಹರಾಜಿನಲ್ಲಿ ಬೆಲೆ ಬೀಳುತ್ತದೆ. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ನಮ್ಮಲ್ಲಿ ಹಳೇ ರೂಢಿ, ನನ್ನ ಹಿತ್ತಲಲ್ಲಿ ಮರಗಳಿವೆ. ಬಕೆಟ್ ಕಳಿಸಿ, ಕಾಯಿ ತುಂಬಿಸಿ ವಾಪಸ್ ಕೊಡುತ್ತೇನೆ.