ನಾಲ್ಕು ಸ್ಪೇಸಿನ ಬೇಸಾಯ

ನಮ್ಮ ಮೂರು ಎಕರೆ ಮೆಕ್ಕೆಜೋಳದ ಲೆಕ್ಕವನ್ನು ಇನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದು ನಾನು ಸಾರಿದ ದಿನ, ಮನೆಯವಳು ಕೇಳಿದ್ದು ಒಂದೇ ಮಾತು: “ಕ್ಯಾಲೆಂಡರಿಗೆ ಏನಾಗೈತೆ?”

ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳ ಸಂದಿಯಲ್ಲಿ ಅವಳ ಕೈಬರಹದಲ್ಲಿವೆ. ಆಯುಸ್ಸೆಲ್ಲ ಕನ್ನಡ ಪಾಠ ಹೇಳಿ, ನಿವೃತ್ತನಾಗಿ ಬಿಳಿಚೋಡಿಗೆ ಬಂದು ಕೂತವನಿಗೆ ಇದು ಸಹಿಸುವ ಮಾತೇ? ಪೈಥಾನ್ ಕಲಿಯುತ್ತೇನೆ ಅಂದೆ.

“ಹೆಬ್ಬಾವಾ?” ಎಂದು ಅವ್ವ ಕಾಲು ಮೇಲೆತ್ತಿಕೊಂಡಳು.

ಹಾವಲ್ಲವ್ವ, 1991ರಲ್ಲಿ ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್ ಹೊರತಂದ ಭಾಷೆ, ಹೆಸರು ಬಂದದ್ದು ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಟೀವಿ ಹಾಸ್ಯದಿಂದ ಎಂದು ಬಿಡಿಸಿ ಹೇಳಿದೆ. “ಹಾಸ್ಯ ಅನ್ನೋದು ಕಾಣ್ತಾನೇ ಐತೆ” ಅಂದಳು ಮನೆಯವಳು.

ಬೆಂಗಳೂರಿನ ಮಗ ಫೋನಿನಲ್ಲಿ, “ಅಪ್ಪ, ಪೈಥಾನ್ ಹಾಕ್ಕೊಂಡ್ರೆ ಜೊತೆಗೆ ಐಡಲ್ ಅಂತ ಎಡಿಟರ್ ಬರುತ್ತೆ, ನಿಮಗೆ ಅದೇ ಸಾಕು” ಅಂದ. ಐಡಲ್! ಟ್ರ್ಯಾಕ್ಟರನ್ನು ಐಡಲ್‌ನಲ್ಲಿ ಬಿಟ್ಟರೆ ಡೀಸೆಲ್ ಉರಿಯುತ್ತದೆಯೇ ಹೊರತು ನೆಲ ಉಳುವುದಿಲ್ಲ. ನಿವೃತ್ತ ತಂದೆಗೆ ಮಗ ಕೊಡುವ ಬಿರುದೇ ಇದು? ಹಠಕ್ಕೆ ಬಿದ್ದು ವಿಎಸ್ ಕೋಡನ್ನೇ ಇಳಿಸಿಕೊಂಡೆ.

ಅದು ಎಡಿಟರ್ ಮಾತ್ರ, ಭಾಷೆಯನ್ನು ಬೇರೆ ಹಾಕಿಕೊಳ್ಳಬೇಕು ಎಂಬುದು ಎರಡು ದಿನ ತಿಳಿಯಲಿಲ್ಲ. “ಸ್ಲೇಟು ತಂದ್ರೆ ಅಕ್ಷರಾನೂ ಬರುತ್ತಾ?” ಎಂದು ನಾನೇ ಎಷ್ಟು ಮಕ್ಕಳನ್ನು ಬೈದಿದ್ದೆನೋ. ಪೈಥಾನ್ ಹಾಕಿದ ಮೇಲೂ, ಅದು ಎಲ್ಲಿದೆಯೆಂದು ಕಂಪ್ಯೂಟರಿಗೆ ಹೇಳುವ ‘ಪಾತ್’ ಎಂಬ ಚೌಕಕ್ಕೆ ಗುರುತು ಹಾಕುವುದನ್ನು ಮರೆತಿದ್ದೆ. ಹೊಸ ಸೊಸೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದಾಳೆ, ಮನೆಗೆ ಕರೆತರಲು ಯಾರೂ ಹೋಗಿಲ್ಲ.

ಆಮೇಲೆ ಬಣ್ಣದ ಕೆಲಸ. ಈ ಎಡಿಟರಿನಲ್ಲಿ ಥೀಮ್ ಎಂಬುದೊಂದಿದೆ. ಕಪ್ಪು, ಕಡುನೀಲಿ, ಕೆನೆ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ನಿಂತು ನೋಡುತ್ತೇವಲ್ಲ, ಹಾಗೆ ನಾಲ್ಕು ದಿನ ಸಿಂಗರಿಸಿದೆ. ಆ ಹಬ್ಬ ಬರುವುದು ವರ್ಷಕ್ಕೊಮ್ಮೆ, ನಮ್ಮ ಮನೆಯಲ್ಲಿ ಅದು ಸಂಜೆ ಸಂಜೆಗೂ ಬರುತ್ತಿತ್ತು. ಒಂದು ಸಾಲು ಕೋಡೂ ಬರೆದಿರಲಿಲ್ಲ. ಕಪ್ಪು ಪರದೆ ಕಂಡ ಅವ್ವ, “ಕರೆಂಟ್ ಹೋಯ್ತೇನೋ ಅದ್ರಾಗೆ?” ಅಂದಳು.

ಬರೆಯಲು ಕೂತಾಗ ಗೊತ್ತಾಯಿತು, ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ. ನಾಲ್ಕು ಸ್ಪೇಸ್ ಬಿಡುವುದು ಪದ್ಧತಿ. ನಾನು ಒಂದು ಕಡೆ ಸ್ಪೇಸ್ ಒತ್ತಿ, ಇನ್ನೊಂದು ಕಡೆ ನೋಟ್‌ಪ್ಯಾಡಿನಿಂದ ಟ್ಯಾಬಿನ ಸಾಲು ತಂದು ಅಂಟಿಸಿದ್ದೆ. ಕಣ್ಣಿಗೆ ಎರಡೂ ಒಂದೇ, ಪೈಥಾನಿಗಲ್ಲ. ಮನೆಯವಳು ಹಿಂದೆ ನಿಂತು ನೋಡಿ, “ಕೂರಿಗೆ ಸಾಲು ಸೊಟ್ಟಗಿದ್ರೆ ಎಡೆಕುಂಟೆ ಹಾಯಲ್ಲ, ಅಷ್ಟೇ ಅಲ್ವಾ?” ಅಂದಳು. ಅಷ್ಟೇ. ಮೂರು ಸಂಜೆ ವೀಡಿಯೊ ನೋಡಿ ನಾನು ತಿಳಿದದ್ದೂ ಅಷ್ಟೇ.

ನಿಜವಾದ ಯುದ್ಧ ನಡೆದದ್ದು ವ್ಯಾಕರಣದ ಮೇಲೆ. 2008ರ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಮೇಷ್ಟರಿಗೆ ಇನ್ನೇನು ಬೇಕು! ಖರ್ಚು, ಆದಾಯ, ಕೂಲಿ ಎಲ್ಲ ಸಲೀಸಾಗಿ ಹೋದವು. ‘ಟ್ರ್ಯಾಕ್ಟರ್‌ಬಾಡಿಗೆ’ ಎಂದು ಬರೆದೆ ನೋಡಿ, ಯು+200ಸಿ ಎಂಬ ಅಚ್ಚಾಗದ ಅಕ್ಷರವಿದೆ ಎಂದು ಸಿಡುಕಿತು. ‘ರ್’ ಹೋಗಿ ‘ಬಾ’ ಪಕ್ಕ ಅರ್ಕಾವತ್ತಾಗಿ ಕೂರದಿರಲೆಂದು ನಾವು ನಡುವೆ ಹಾಕುವ, ಕಣ್ಣಿಗೆ ಕಾಣದ ಗುರುತು ಅದು. ತೆಗೆದರೆ ‘ಟ್ರ್ಯಾಕ್ಟರ್ಬಾಡಿಗೆ’. ಇಂಥದ್ದಕ್ಕೆ ಮಕ್ಕಳ ಅರ್ಧ ಅಂಕ ಕಳೆದವನು ನಾನು. ಒಂದು ವಾರ ಬಿಟ್ಟುಕೊಡಲಿಲ್ಲ. ಪೈಥಾನೂ ಬಿಟ್ಟುಕೊಡಲಿಲ್ಲ. ಕೊನೆಗೆ ಮಗ, “ನಡುವೆ ಅಂಡರ್‌ಸ್ಕೋರ್ ಹಾಕಿ ಅಪ್ಪ” ಎಂದು ರಾಜಿ ಮಾಡಿಸಿದ.

“ಕಾಣದಿರೋ ಅಕ್ಷರಕ್ಕೆ ಒಂದು ವಾರ. ಟ್ರ್ಯಾಕ್ಟರಿನವನು ಕಾಣೋ ದುಡ್ಡಿಗೆ ಮೂರು ಸಲ ಬಂದು ಹೋದ” ಎಂದಳು ಮನೆಯವಳು.

ಅಂತೂ ಒಂದು ಭಾನುವಾರ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ಅವಳು ಓದಿದಂತೆ ಒಂದೊಂದೇ ಅಂಕಿ ತುಂಬಿ, ಗುಂಡಿ ಒತ್ತಿದೆ. ಅವ್ವನೂ ಬಂದು ಕೂತಳು. ಮಾರಿದ ಜೋಳದಲ್ಲಿ ಖರ್ಚು ಕಳೆದು ಬಂದ ಉತ್ತರದ ಮುಂದೆ ಸಣ್ಣದೊಂದು ಅಡ್ಡಗೆರೆ ಇತ್ತು: -4260.

ಯಾರೂ ಮಾತಾಡಲಿಲ್ಲ. ಕ್ಯಾಲೆಂಡರಿನಲ್ಲಿ ಅವಳು ಯಾವತ್ತೂ ಕೊನೆಯ ಕೂಡು-ಕಳೆ ಮಾಡಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

“ಮಗ ಹೇಳಿದ್ನಲ್ಲ, ಆ ಐಡಲ್ಲು,” ಎಂದಳು ಮೆಲ್ಲಗೆ. “ಅದ್ರಾಗೆ ಒಂದ್ಸಲ ಹಾಕಿ ನೋಡ್ರಿ.”

ಹಾಕಿ ನೋಡಿದೆ. ಪರದೆ ಬೆಳ್ಳಗಿತ್ತು, ಅಕ್ಷರ ಸಣ್ಣಗಿದ್ದವು, ನಷ್ಟ ಅಷ್ಟೇ ಇತ್ತು.