ವಿಶ್ವಕೋಶದ ಹಿಂದೆ

ಮಕ್ಕಳ ಲೈಬ್ರರಿಯಲ್ಲಿ ಕೆಲಸ ಅಂದ ಕೂಡಲೇ ನೆಂಟರೆಲ್ಲ ಹೇಳುವುದು ಒಂದೇ ಮಾತು: "ಪುಣ್ಯ ಮಾಡಿದ್ದೆ ಕಣೇ, ಇಡೀ ದಿನ ಕೂತು ಓದ್ತಾ ಇರಬಹುದು." ಓದುವುದು ಹಾಗಿರಲಿ, ಕೂರುವುದೇ ಕಷ್ಟ. ನಮ್ಮಲ್ಲಿರುವ ಕುರ್ಚಿಗಳೆಲ್ಲ ಒಂದನೇ ಕ್ಲಾಸಿನವರ ಅಳತೆಯವು.

ಆದರೂ ಬೆಳಗ್ಗೆ ಬಾಗಿಲು ತೆಗೆದಾಗ ಮೊದಲು ಒಳಗೆ ಬರುವ 'ಮಕ್ಕಳು' ಎಪ್ಪತ್ತು ದಾಟಿದವರು. ದೊಡ್ಡವರ ವಿಭಾಗದ ಫ್ಯಾನು ಕೆಟ್ಟು ಬಹಳ ದಿನವಾಯಿತು, ನಮ್ಮದು ತಿರುಗುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ದಿನಾ ಬಂದು, ಮೊಣಕಾಲು ಕಿವಿಗೆ ತಾಗುವಂತೆ ಪುಟಾಣಿ ಕುರ್ಚಿಯಲ್ಲಿ ಕೂತು, ಪೇಪರಿನಲ್ಲಿ ಮುಳುಗುತ್ತಾರೆ. ಏಳುವಾಗ ಕುರ್ಚಿಯೂ ಅವರ ಜೊತೆಗೇ ಏಳುತ್ತದೆ. "ಇದು ನನ್ನ ಬಿಡಲೊಲ್ಲದಮ್ಮ" ಎನ್ನುತ್ತಾರೆ. ನಾನು ಹಿಂದಿನಿಂದ ಕುರ್ಚಿ ಎಳೆದುಕೊಳ್ಳುತ್ತೇನೆ. ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಈ ಕೆಲಸ ಬರೆದಿಲ್ಲ.

ಆಮೇಲೆ ವಾಪಸು ಬಂದ ಪುಸ್ತಕಗಳನ್ನು ಕೊಡವುವ ಕೆಲಸ. ಬಸ್ ಟಿಕೆಟ್ಟು, ಚಾಕಲೇಟಿನ ಸಿಪ್ಪೆ, ಚಟ್ನಿಯ ಕಲೆ ಇವೆಲ್ಲ ಮಾಮೂಲು. ಒಮ್ಮೆ ಒಂದು ಪುಸ್ತಕದಿಂದ ಪೆನ್ಸಿಲ್ ಹೆರೆದ ಪುಡಿ ಉದುರಿತು, ಜೊತೆಗೊಂದು ನವಿಲುಗರಿಯ ಎಳೆ. ಕಸವೆಂದು ಗುಡಿಸಿಬಿಟ್ಟೆ. ಸಂಜೆ ಹುಡುಗನೊಬ್ಬ ಅದೇ ಪುಸ್ತಕ ತಿರುವಿ ತಿರುವಿ ನೋಡಿ, ಗಂಟಲು ಬಿಗಿಹಿಡಿದು ಹೇಳಿದ: "ಮಿಸ್, ಮರಿ ಹಾಕೋಕೆ ಇಟ್ಟಿದ್ದೆ." ಅಂದಿನಿಂದ ಕಸಬರಿಕೆ ಹಿಡಿದಾಗಲೆಲ್ಲ ನನಗೆ ಬಾಣಂತಿಯನ್ನು ಮನೆಯಿಂದ ಹೊರಹಾಕಿದ ಪಾಪಪ್ರಜ್ಞೆ.

ಕೊಡವಿದ್ದಾದ ಮೇಲೆ ಜೋಡಿಸಬೇಕು. ಅಮೆರಿಕದ ಡ್ಯೂಯಿ ಎಂಬಾತ 1876ರಲ್ಲಿ ಲೋಕದ ವಿದ್ಯೆಯನ್ನೆಲ್ಲ ಹತ್ತು ಪಾಲು ಮಾಡಿ ನಂಬರು ಹಂಚಿದ. ಜನಪದ ಕಥೆಗೆ 398.2, ಡೈನೊಸಾರ್‌ಗೆ 567.9. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ಬೀದಿ. ಕನ್ನಡ ಸಾಹಿತ್ಯ ಬೇಕಾದರೆ 894ರ ಓಣಿ ಹೊಕ್ಕು, ಚುಕ್ಕಿ ದಾಟಿ, 814ನೇ ಔಟ್‌ಹೌಸಿನ ಕದ ತಟ್ಟಬೇಕು. ಪಂಪನಿಂದ ಮೊದಲಾಗಿ ಎಲ್ಲರೂ ಅಲ್ಲೇ ಇಕ್ಕಟ್ಟಿನಲ್ಲಿದ್ದಾರೆ. ಸತ್ತು ಕೋಟ್ಯಂತರ ವರ್ಷವಾದ ಡೈನೊಸಾರ್‌ಗೆ ಸಿಕ್ಕಿರುವ ವಿಳಾಸವೇ ನಮ್ಮದಕ್ಕಿಂತ ಚಿಕ್ಕದು.

ನಾಲ್ಕೂವರೆಗೆ ಶಾಲೆ ಬಿಟ್ಟಿತೆಂದರೆ ಡ್ಯೂಯಿಯ ರಾಜ್ಯಭಾರ ಮುಗಿಯಿತು.

"ಮಿಸ್, ಹೋದ್ಸಲ ಇಲ್ಲಿತ್ತಲ್ಲ, ಹಸಿರು ಪುಸ್ತಕ?"

"ಹೆಸರೇನು ಪುಟ್ಟಾ?"

"ಗೊತ್ತಿಲ್ಲ. ಅದ್ರಲ್ಲಿ ಒಬ್ಬ ಹುಡುಗ ಕಾಡಿಗೆ ಹೋಗ್ತಾನೆ."

"ಆಮೇಲೆ?"

"ಆಮೇಲೆ ಏನಾಗುತ್ತೆ ಅಂತ ಗೊತ್ತಿಲ್ಲ ಅಂತಾನೇ ಮಿಸ್ ಪುಸ್ತಕ ಕೇಳ್ತಿರೋದು!"

ಓದುಗನ ಸಮಯ ಉಳಿಸಬೇಕು ಎನ್ನುವುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಲೈಬ್ರೇರಿಯನ್ನಳ ಸಮಯಕ್ಕೂ ಒಂದು ಸೂತ್ರ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೂ ಅವರ ಮೇಲೆ ನನಗೆ ಸಿಟ್ಟಿಲ್ಲ. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದವರು ಲಂಡನ್ನಿಗೆ ಲೈಬ್ರರಿ ವಿದ್ಯೆ ಕಲಿಯಲು ಹೋದಾಗ, ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಕಂಡರಂತೆ. ಅವೇ ಪಟ್ಟಿ, ಅವೇ ಬೋಲ್ಟು. ಜೋಡಿಸುವ ರೀತಿ ಬದಲಾದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ವಿಷಯಗಳನ್ನೂ ಹೀಗೇ ಬಿಡಿಬಿಡಿಯಾಗಿಟ್ಟುಕೊಂಡು ಬೇಕಾದಂತೆ ಜೋಡಿಸಬಹುದಲ್ಲ ಎಂದು ಹೊಳೆದು, 1933ರಲ್ಲಿ ಕೋಲನ್ ವರ್ಗೀಕರಣ ತಂದರು. ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಆ ಹಿರಿಯರಿಗೆ ದಾರಿ ತೋರಿದ್ದು ಮಕ್ಕಳ ಆಟಿಕೆ. ನನ್ನೆದುರು ಮಕ್ಕಳೇ ಇದ್ದಾರೆ, ನನಗೇನೂ ಹೊಳೆಯುವುದಿಲ್ಲ.

ಹೊಳೆದಿದ್ದು ಮಕ್ಕಳಿಗೆ. ನಮ್ಮಲ್ಲಿ ಒಂದು ಕಾರ್ಡಿಗೆ ಒಂದೇ ಪುಸ್ತಕ, ಹದಿನೈದು ದಿನ. ಮನೆಯಲ್ಲಿ ಒಂದಿದ್ದರೆ ಇನ್ನೊಂದು ಸಿಗದು. ಹಾಗೆಂದು ಇನ್ನೊಂದನ್ನು ಬಿಟ್ಟುಹೋದರೆ ನಾಳೆ ಬೇರೆಯವರ ಪಾಲು. ಇದಕ್ಕೆ ಅವರು ಕಂಡುಕೊಂಡದ್ದು ಮೂರನೆಯ ವರ್ಗೀಕರಣ: ಎಲ್ಲರಿಗೂ ಬೇಕಾದ ಪುಸ್ತಕವನ್ನು ಯಾರಿಗೂ ಬೇಡದ ಪುಸ್ತಕದ ಹಿಂದೆ ಇಡುವುದು. ದೆವ್ವದ ಕಥೆ ವ್ಯಾಕರಣದ ಹಿಂದೆ, ಡೈನೊಸಾರ್ 'ಆದರ್ಶ ಪ್ರಬಂಧಗಳ' ಹಿಂದೆ. ಕಾಮಿಕ್ಸ್‌ಗೆ ಭದ್ರವಾದ ಜಾಗ ಯಾರೋ ಪುಣ್ಯಾತ್ಮರು ದಾನ ಕೊಟ್ಟ ವಿಶ್ವಕೋಶದ ಹಿಂದೆ. ವಿಶ್ವಕೋಶವನ್ನು ಅಪ್ಪಂದಿರು ಬೆರಳು ಮಾಡಿ "ಅದನ್ನ ಓದು, ನಾಲೆಡ್ಜ್ ಬರುತ್ತೆ" ಎನ್ನುತ್ತಾರೆಯೇ ಹೊರತು, ಅವರೂ ಮುಟ್ಟಿದ್ದಿಲ್ಲ. ಯಾವ ಪುಸ್ತಕ ಯಾರಿಗೂ ಬೇಡವೆಂದು ತಿಳಿಯಲು ನನಗೆ ರಿಜಿಸ್ಟರೇ ಬೇಡ, ಹಿಂದೆ ಕೈಹಾಕಿದರೆ ಸಾಕು.

ಹೋದ ವಾರ ವಿಶ್ವಕೋಶದ ಹಿಂದೆ ಸಿಕ್ಕಿದ ಒಂದು ಪುಸ್ತಕವನ್ನು ನಿಯಮದಂತೆ ಅದರ ಜಾಗಕ್ಕೆ ಸೇರಿಸಿದ್ದೆ. ಮಾರನೆಯ ದಿನ ಯಾರೋ ಒಯ್ದರು. ಸಂಜೆ ಎರಡು ಜಡೆಯ ಹುಡುಗಿಯೊಬ್ಬಳು ಬಂದಳು. ಅತ್ತಿತ್ತ ನೋಡಿ ವಿಶ್ವಕೋಶದ ಹಿಂದೆ ಕೈಯಿಳಿಸಿದಳು. ಇನ್ನಷ್ಟು ಇಳಿಸಿದಳು. ಧೂಳು ಮೆತ್ತಿದ ಬರಿಗೈ ಹೊರಬಂತು. ನನ್ನತ್ತ ನೋಡಿದಳು. ಕೇಳುವಂತಿಲ್ಲ, ಕೇಳಿದರೆ ತಾನೇ ಬಚ್ಚಿಟ್ಟಿದ್ದೆಂದು ಒಪ್ಪಿಕೊಂಡಂತೆ. ನಾನೂ ಹೇಳುವಂತಿಲ್ಲ. ಇಬ್ಬರೂ ತಪ್ಪಿತಸ್ಥರಂತೆ ಸ್ವಲ್ಪ ಹೊತ್ತು ಮುಖ ನೋಡಿಕೊಂಡೆವು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋದಳು.

ನಿನ್ನೆ ಬಾಗಿಲು ಹಾಕುವ ಮುಂಚೆ ಅಭ್ಯಾಸಬಲದಿಂದ ಅಲ್ಲಿ ಕೈಹಾಕಿದೆ. ಬೇರೊಂದು ಪುಸ್ತಕ, ನಡುವೆ ಗುರುತಿಗೆ ಬಸ್ ಟಿಕೆಟ್ಟು. ಹೊರಗಿಂದ ಅದರ ಮೂಲೆ ಸ್ವಲ್ಪ ಕಾಣುತ್ತಿತ್ತು. ಇನ್ನೂ ಅನುಭವ ಸಾಲದು ಹುಡುಗಿಗೆ. ಒಳಕ್ಕೆ ತಳ್ಳಿ, ಮುಂದಿನ ಸಂಪುಟಗಳನ್ನು ಸಾಲಾಗಿ ಸರಿಮಾಡಿ, ಲೈಟು ಆರಿಸಿದೆ.